ಹತ್ತೊಂಬತ್ತನೇ ಷರತ್ತು

ಆ ದಿನ ಮಂಗಳವಾರ. ಅಡುಗೆಮನೆಯ ನೆಲಕ್ಕೆ ಕೆಂಪು ಬಣ್ಣ ಚೆಲ್ಲಿತು. ಚೆಲ್ಲಿದ್ದು ನನ್ನ ಗಂಡ. ಮೇಜಿನ ಮೇಲೆ ಇಪ್ಪತ್ತೆಂಟು ಗೂಟ ಸಾಲಾಗಿ ಇಟ್ಟುಕೊಂಡು ಒಂದೊಂದರ ತಲೆಯನ್ನೂ ಬಣ್ಣದ ಡಬ್ಬಕ್ಕೆ ಅದ್ದಿ ತೆಗೆಯುತ್ತಿದ್ದರು. ಹೊರಗೆ ಕೂತು ಮಾಡಿ ಅಂದೆ. ಹೊರಗೆ ಗಾಳಿ, ಧೂಳು ಕೂರುತ್ತೆ ಅಂದರು. ಗೂಟಕ್ಕೆ ಧೂಳು ಕೂತರೆ ಯಾರ ಮದುವೆ ನಿಂತುಹೋಗುತ್ತೆ ಅಂದೆ. ಅವರು ನಕ್ಕರು, ಕೈ ಅಲ್ಲಾಡಿತು, ಡಬ್ಬ ಮಗುಚಿತು.

ಒರೆಸಿದ್ದು ನಾನು. ಬೈಯುತ್ತಲೇ ಒರೆಸಿದೆ. ಅವರು ಕಾಲೆರಡೂ ಎದುರಿನ ಕುರ್ಚಿಯ ಮೇಲೆ ಚಾಚಿಕೊಂಡು ಕೂತು, ಆ ಮೂಲೆಯಲ್ಲಿ ಇನ್ನೂ ಇದೆ, ಈ ಕಾಲಿನ ಹತ್ತಿರ ಇನ್ನೂ ಇದೆ ಅಂತ ಬೆರಳು ತೋರಿಸುತ್ತಿದ್ದರು. ಬಣ್ಣ ಒಣಗಿದ ಮೇಲೆ ಗೂಟಗಳನ್ನು ಚೀಲಕ್ಕೆ ತುಂಬಿಕೊಂಡು ಹೊಲಕ್ಕೆ ಹೋದರು. ಸಂಜೆ ಬಂದರು. ಉಂಡರು. ಉಪ್ಪು ಕಮ್ಮಿ ಅಂದರು. ಮಲಗಿದರು. ನೆನಪಿಟ್ಟುಕೊಳ್ಳುವಂಥದ್ದು ಆ ದಿನ ಏನೂ ಆಗಲಿಲ್ಲ.

ಬುಧವಾರ ಬೆಳಿಗ್ಗೆ ಹಿತ್ತಲ ನಲ್ಲಿಯಲ್ಲಿ ಸಲಾಕೆ ತೊಳೆಯುತ್ತಿದ್ದರು. ನಾನು ಒಳಗಿದ್ದೆ. ನೀರು ಸುಮ್ಮನೆ ಹರಿದು ಹೋಗುತ್ತಿರುವ ಸದ್ದು ಕೇಳುತ್ತಲೇ ಇತ್ತು. ಈ ಮನುಷ್ಯ ನೀರನ್ನು ಹೀಗೆ ಬಿಡುವವರಲ್ಲವಲ್ಲ ಅಂತ ಬಂದು ನೋಡಿದರೆ ಬಿದ್ದಿದ್ದರು. ಎದೆ ಅಂದರು ಡಾಕ್ಟರು. ಆಸ್ಪತ್ರೆ ಸೇರುವ ಮೊದಲೇ ಮುಗಿದಿತ್ತು. ಅರವತ್ತೊಂದು ವಯಸ್ಸು.

ಜನ ಅವರನ್ನು ನೀರುನಾಯಿ ಅಂತ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವರಿಗೇನೂ ಬೇಜಾರಿರಲಿಲ್ಲ. ನೆಲದೊಳಗಿನ ನೀರು ಹುಡುಕಿ ಹೊರಗೆ ಹಾಕುವುದು ಅವರ ಕಸುಬು. ನಮ್ಮ ಕಡೆಯ ಹೊಲವೆಲ್ಲ ಜೇಡಿಮಣ್ಣು. ಸಮುದ್ರ ಹತ್ತಿರ, ಇಳಿಜಾರು ಕಮ್ಮಿ. ಮಳೆ ಬಂದರೆ ನೀರು ಬಿದ್ದಲ್ಲೇ ಬಿದ್ದಿರುತ್ತೆ, ಬೆಳೆಯ ಬೇರು ಕೊಳೆಯುತ್ತೆ. ಅದಕ್ಕೆ ಮೂರು ಅಡಿ ಆಳದಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಬಾಲಕ್ಕೆ ಇನ್ನೊಂದು ಜೋಡಿಸಿ ಹೂಳುತ್ತಾರೆ. ನೀರು ಸಂದಿಯಿಂದ ಒಳಗಿಳಿದು, ಹರಿದು, ಕೆಳಗಿನ ಹಳ್ಳಕ್ಕೆ ಬೀಳುತ್ತೆ. ಬಸಿಗಾಲುವೆ ಅನ್ನುತ್ತಾರೆ. ಮೇಲೆ ನಿಂತವರಿಗೆ ಅದು ಇದೆ ಅಂತಲೇ ಗೊತ್ತಾಗಲ್ಲ.

ಕಾಣದ ಕೆಲಸ ಮಾಡಿದವರನ್ನು ಯಾರು ನೆನೆಯುತ್ತಾರೆ ಅಂತ ನಾನು ಚುಚ್ಚುತ್ತಿದ್ದೆ. ಹೊಲ ನೆನೆದ ದಿನ ನೆನೀತಾರೆ ಬಿಡು ಅನ್ನುತ್ತಿದ್ದರು.

ಅವರಪ್ಪನ ಕಸುಬೂ ಅದೇ. ಹದಿನೈದನೇ ವಯಸ್ಸಿಗೆ ಇವರ ಕೈಗೆ ಗುದ್ದಲಿ ಬಂತು. ಇಪ್ಪತ್ತೆಂಟಕ್ಕೆ ಒಂದು ಕಂದಕದ ಗೋಡೆ ಕುಸಿದು ಬಲಗಾಲ ಮಂಡಿ ಹೋಯಿತು. ಆಮೇಲೆ ಆ ಕಾಲು ಪೂರ್ತಿ ಮಡಿಚಲಿಲ್ಲ. ನಡೆದರೆ ಒಂದು ಹೆಜ್ಜೆ ಆನೆಯದು, ಒಂದು ಹೆಜ್ಜೆ ಕೋಳಿಯದು. ಆದರೂ ಮೂವತ್ತಮೂರು ವರ್ಷ ಅದೇ ಕಾಲಲ್ಲಿ ಅಗೆದರು. ನಮಗೆ ಮಕ್ಕಳಿಲ್ಲ. ಇದ್ದದ್ದು ನಾವಿಬ್ಬರು ಮತ್ತು ಅವರ ಮಾತು. ಕೆಲಸ ಮೂರು ಅಡಿ ಕೆಳಗೆ, ಮಾತು ಮೂರು ಹೊಲದಾಚೆಗೆ. ಕೈ ಕೆಲಸದಲ್ಲಿದ್ದರೆ ಬಾಯಿ ನಿಲ್ಲುತ್ತಿರಲಿಲ್ಲ.

ನನ್ನ ಮೈದುನ ಅವರಿಗಿಂತ ಎಂಟು ವರ್ಷ ಚಿಕ್ಕವನು. ಗುದ್ದಲಿ ಅವನಿಗೆ ಹಿಡಿಸಲಿಲ್ಲ, ಜೆಸಿಬಿ ಓಡಿಸಲು ಹೋದ. ಅಣ್ಣ, ನೀನು ಒಂದು ವಾರ ಅಗೆಯೋದನ್ನ ನಾನು ಒಂದು ಟೀ ತಣ್ಣಗಾಗೋದ್ರೊಳಗೆ ಅಗೀತೀನಿ ಅಂತ ರೇಗಿಸುತ್ತಿದ್ದ. ಅಗೀತೀಯ, ಆದರೆ ಎಲ್ಲಿ ಅಗೀಬೇಕು ಅಂತ ನನ್ನೇ ಕೇಳ್ತೀಯ ಅನ್ನುತ್ತಿದ್ದರು ಇವರು. ಇಬ್ಬರದೂ ನಿಜವೇ.

ಮೂರು ವರ್ಷದ ಹಿಂದೆ ಸಮುದ್ರದೊಳಗೆ ಗಾಳಿಯಂತ್ರ ನಿಲ್ಲಿಸಲು ಕಂಪನಿಯವರು ಬಂದರು. ಅವು ತುಂಬ ದೂರ. ಆಕಾಶ ತಿಳಿಯಾಗಿದ್ದ ದಿನ ಬೆರಳುದ್ದ ಕಾಣುತ್ತವೆ. ಆದರೆ ಅಲ್ಲಿ ಹುಟ್ಟಿದ ಕರೆಂಟು ದಡಕ್ಕೆ ಬರಬೇಕಲ್ಲ. ಕೇಬಲ್ಲು ಮರಳಿನ ಅಡಿಯಿಂದ ಬಂದು, ರಸ್ತೆಯ ಅಡಿ ದಾಟಿ, ನಮ್ಮ ಬೀದಿಯ ಮೇಲ್ಗಡೆ ಇರುವ ದೊಡ್ಡ ಹೊಲದ ಮಧ್ಯದಲ್ಲಿ ಹಾದು, ಆಚೆ ಕಟ್ಟುತ್ತಿದ್ದ ಕರೆಂಟು ಸ್ಟೇಷನ್ನಿಗೆ ಹೋಗಬೇಕು. ಯೋಜನಾ ಕಚೇರಿಯವರು ಒಪ್ಪಿಗೆ ಕೊಟ್ಟರು. ಬರೀ ಒಪ್ಪಿಗೆಯಲ್ಲ, ಜೊತೆಗೆ ನಲವತ್ತೊಂದು ಷರತ್ತು. ಆ ಕಾಗದ ಅಂಗಡಿ ಗೋಡೆಗೆ ಅಂಟಿಸಿದ್ದರು. ಇವರು ಕನ್ನಡಕ ಹಾಕಿಕೊಂಡು ನಿಂತು ಪೂರ್ತಿ ಓದಿ ಬಂದು, ಊಟಕ್ಕೆ ಕೂತಾಗ ನನಗೆ ಪಾಠ ಒಪ್ಪಿಸಿದರು. ಬೆಳಿಗ್ಗೆ ಏಳಕ್ಕೆ ಮುಂಚೆ ಯಂತ್ರ ಶುರು ಮಾಡಬಾರದು. ಶಾಲೆ ಬಿಡುವ ಹೊತ್ತಿಗೆ ಲಾರಿ ಓಡಬಾರದು. ಚಕ್ರದ ಕೆಸರು ತೊಳೆದೇ ಲಾರಿ ರಸ್ತೆಗೆ ಬರಬೇಕು. ಮರಳಲ್ಲಿ ಮೊಟ್ಟೆಯಿಡುವ ಹಕ್ಕಿಗಳು ಬರುವ ತಿಂಗಳ ಒಂದನೇ ತಾರೀಖಿನಿಂದ ನಾಲ್ಕು ತಿಂಗಳು ದಡದಲ್ಲೂ ಹೊಲದಲ್ಲೂ ಕೆಲಸವೆಲ್ಲ ಬಂದ್.

ಒಳಗೆ ಬರುವ ಮುಂಚೆ ಕಾಲು ತೊಳೆಯಬೇಕು ಅನ್ನುವ ಷರತ್ತು ನಾನೂ ಮೂವತ್ತು ವರ್ಷದಿಂದ ಹಾಕಿದ್ದೀನಿ, ಯಾವ ಕಚೇರಿಯೂ ಜಾರಿ ಮಾಡಿಲ್ಲ ಅಂದೆ. ಅವರು ಅನ್ನ ಕಲಸುತ್ತ, ಅರ್ಜಿ ಕೊಡು ಅಂದರು.

ನಮ್ಮ ಕಥೆಗೆ ಬೇಕಾದ ಷರತ್ತು ಎರಡೇ. ಹದಿನಾಲ್ಕನೆಯದು, ಮೇಲ್ಮಣ್ಣನ್ನು ಮೊದಲು ಕೆರೆದು ಬೇರೆ ಗುಡ್ಡೆ ಹಾಕಬೇಕು, ಕೊನೆಗೆ ಅದನ್ನೇ ಮೇಲೆ ಹಾಕಬೇಕು. ಕೆಳಗಿನ ಜೇಡಿ ಮೇಲೆ ಬಂದರೆ ಏನೂ ಬೆಳೆಯಲ್ಲ. ಹತ್ತೊಂಬತ್ತನೆಯದು, ಕಂದಕ ತೋಡುವ ಮುಂಚೆ ಆ ಹೊಲದ ಬಸಿಗಾಲುವೆಗಳನ್ನೆಲ್ಲ ಹುಡುಕಿ ಗುರುತು ಹಾಕಬೇಕು, ಕೇಬಲ್ ಹಾಕಿದ ಮೇಲೆ ತುಂಡಾದದ್ದನ್ನೆಲ್ಲ ಮತ್ತೆ ಜೋಡಿಸಬೇಕು, ಕಚೇರಿಯವರು ಬಂದು ನೋಡಿ ಸಹಿ ಹಾಕಬೇಕು.

ಆ ಹೊಲದಲ್ಲಿ ಏಳು ಬಸಿಗಾಲುವೆ. ಇಪ್ಪತ್ತೆರಡು ವರ್ಷದ ಹಿಂದೆ ಹೂತವರು ನನ್ನ ಗಂಡ. ಕಂಪನಿಯವರು ಅವರನ್ನೇ ಕೆಲಸಕ್ಕೆ ಕರೆದರು. ಎರಡು ವಾರ ಸಲಾಕೆ ಚುಚ್ಚುತ್ತ, ಅದು ಕೊಳವೆಗೆ ತಾಗುವ ಸದ್ದಿಗೆ ಕಿವಿ ಕೊಡುತ್ತ ಓಡಾಡಿ, ಒಂದೊಂದಕ್ಕೆ ನಾಲ್ಕರಂತೆ ಇಪ್ಪತ್ತೆಂಟು ಗೂಟ ನೆಟ್ಟರು. ಆ ಮಂಗಳವಾರ ನೆಟ್ಟು ಮುಗಿಸಿದ್ದು ಅದನ್ನೇ. ಬುಧವಾರ ಮೇಲ್ಮಣ್ಣು ಕೆರೆಯುವ ದಿನ. ಜೆಸಿಬಿಯ ಮುಂದೆ ಇವರು ನಿಂತು ಗೂಟ ಕಿತ್ತುಕೊಳ್ಳುವುದು, ಮೈದುನ ಕೆರೆದುಕೊಂಡು ಹೋಗುವುದು, ಇವರು ಅದೇ ಜಾಗದಲ್ಲಿ ಮತ್ತೆ ಗೂಟ ಹೊಡೆಯುವುದು. ಅಣ್ಣತಮ್ಮ ಹೀಗೆ ಮಾತಾಡಿಕೊಂಡಿದ್ದರು.

ಬುಧವಾರ ಏಳಕ್ಕೆ ಮೈದುನ ಯಂತ್ರ ಶುರು ಮಾಡಿದ. ಅಣ್ಣ ಬರಲಿಲ್ಲ. ಅರ್ಧ ಗಂಟೆ ಕಾದ. ಅವನ ಫೋನು ಕೆಲಸದ ಜಾಗದ ಶೆಡ್ಡಿನಲ್ಲಿ ಕೋಟಿನ ಜೇಬಲ್ಲಿತ್ತು. ಸೂಪರ್‌ವೈಸರು ಬಂದು, ಹಕ್ಕಿ ತಿಂಗಳು ಹತ್ತಿರ ಬಂತು, ಯಾಕೆ ನಿಂತಿದ್ದೀಯ ಅಂದರು. ಅವನು ಕೆಳಗಿಳಿದು ಗೂಟಗಳನ್ನು ತಾನೇ ಕಿತ್ತ. ಒಂದೂ ಮುರಿಯದ ಹಾಗೆ ಕಿತ್ತು ಬೇಲಿಯ ಪಕ್ಕದಲ್ಲಿ ಸಾಲಾಗಿ ಇಟ್ಟ. ಮಣ್ಣು ಕೆರೆದ. ಗೂಟದ ತೂತುಗಳೂ ಮಣ್ಣಿನ ಜೊತೆಗೇ ಹೋದವು. ಅಷ್ಟು ಹೊತ್ತಿಗೆ ನಾನು ಆಸ್ಪತ್ರೆಯಲ್ಲಿದ್ದೆ.

ಅವರನ್ನು ಕಳಿಸಿಕೊಟ್ಟೆವು. ಮನೆಗೆ ಜನ ಬಂದರು, ಹೋದರು. ಎರಡು ಲೋಟ ಒಡೆದವು. ಐದನೇ ದಿನ ಬೆಳಿಗ್ಗೆ ಮೈದುನ ಬಾಗಿಲಲ್ಲಿ ನಿಂತಿದ್ದ. ಹಗ್ಗದಲ್ಲಿ ಕಟ್ಟಿದ ಗೂಟದ ಕಟ್ಟು ಹೆಗಲ ಮೇಲಿತ್ತು.

"ಅತ್ತಿಗೆ, ಇದನ್ನ ಎಲ್ಲಿ ಇಡ್ಲಿ?"

ಏನು ಅಂತ ಕೇಳಿದೆ. ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಅಣ್ಣ ತಡವಾಗಿ ಬಂದು ಬೈದು ಮತ್ತೆ ನೆಡ್ತಾನೆ ಅನ್ಕೊಂಡೆ. ಅವನಿಗೆ ಬಾಯಿಪಾಠ ಇತ್ತಲ್ಲ. ಅವನು ಬರೋದೇ ಇಲ್ಲ ಅಂತ ನನಗೆ ಹೇಗೆ ಹೊಳೀಬೇಕು ಅತ್ತಿಗೆ."

ನಾನು ಬೈಯಲಿಲ್ಲ. ನನಗೂ ಹೊಳೆದಿರಲಿಲ್ಲ. ಮೂಲೆಯಲ್ಲಿ ಇಡು, ಕೂತು ಟೀ ಕುಡಿ ಅಂದೆ. ಕುಡಿಯುತ್ತ ಉಳಿದದ್ದನ್ನು ಹೇಳಿದ.

ಕಂಪನಿಯವರು ಹುಲ್ಲು ಕತ್ತರಿಸುವ ಯಂತ್ರದ ಹಾಗಿರುವ ಒಂದನ್ನು ತರಿಸಿ ನೆಲದ ಮೇಲೆ ತಳ್ಳಿಸಿದ್ದರು. ಅದು ಎಲ್ಲದಕ್ಕೂ ಕೂಗಿತಂತೆ. ಅಗೆದರೆ ಒಂದು ಕಡೆ ಹಳೇ ಚಮಚ, ಇನ್ನೊಂದು ಕಡೆ ಬರೀ ಕಲ್ಲು. ಕೆಳಗೆ ಹಳ್ಳದ ಬದುವಿನಲ್ಲಿ ಬಸಿಗಾಲುವೆಗಳ ಏಳು ಬಾಯಿ ಕಾಣುತ್ತವೆ. ಅಲ್ಲಿಂದ ನೇರ ಗೆರೆ ಎಳೆದೂ ಅಗೆದರಂತೆ. ಅವು ನೇರ ಹೋಗಲ್ಲ, ಇಳಿಜಾರು ಹೇಗೋ ಹಾಗೆ ಬಾಗುತ್ತವೆ. ಸಿಗಲಿಲ್ಲ. ಹಕ್ಕಿ ತಿಂಗಳಿಗೆ ಹನ್ನೊಂದು ದಿನ ಉಳಿದಿತ್ತು. ಗುರುವಾರ ಕಚೇರಿಯವರು ಬರುತ್ತಾರೆ. ಅಷ್ಟರೊಳಗೆ ಸಿಗದಿದ್ದರೆ ಕಂಪನಿಯದು ಬೇರೆ ಉಪಾಯ. ಕಂದಕದ ಮೇಲಂಚಿಗೆ ಒಂದೇ ದಪ್ಪ ಪೈಪು ಹಾಕಿ, ಏಳರ ನೀರನ್ನೂ ಅದರಲ್ಲಿ ಹಿಡಿದು ಮೂಲೆಗೆ ಬಿಡುವುದು.

ಆ ಮೂಲೆಯಿಂದ ಇಳಿದರೆ ನಮ್ಮ ಬೀದಿ. ಹದಿನಾಲ್ಕು ಮನೆ. ನಮ್ಮದು ಮೂರನೆಯದು. ಈ ಉಪಾಯವನ್ನು ಕಂಪನಿಯವರು ಮೊದಲೇ ಒಮ್ಮೆ ಹೇಳಿದ್ದರು. ಆಗ ಸಭೆಯಲ್ಲಿ ಇವರು ಎದ್ದು ನಿಂತು, ಹಾಗೆ ಮಾಡಿದರೆ ಮೊದಲ ಮಳೆಗೆ ನಮ್ಮ ಅಡುಗೆಮನೆಯಲ್ಲಿ ಕಪ್ಪೆ ಸಾಕಬಹುದು ಅಂದಿದ್ದರು. ಹತ್ತೊಂಬತ್ತನೇ ಷರತ್ತು ಬಂದದ್ದೇ ಆಮೇಲೆ.

ಅದೇ ದಿನ ಮಧ್ಯಾಹ್ನ ಬೀದಿಯ ಕುಡಿಯುವ ನೀರಿನ ನಲ್ಲಿಯ ಹತ್ತಿರ ಮೂಲೆಮನೆಯಾಕೆ ಸಿಕ್ಕಳು. ನಿಮ್ಮ ಯಜಮಾನರು ಎಲ್ಲಾನೂ ತಲೇಲೇ ಇಟ್ಕೊಂಡಿದ್ರಲ್ಲಮ್ಮ, ತಲೆ ಜೊತೇಲೇ ತಗೊಂಡು ಹೋಗಿಬಿಟ್ರು, ಈಗ ನಮ್ಮ ಮನೆಗೆ ನೀರು ನುಗ್ಗಿದ್ರೆ ಯಾರನ್ನ ಕೇಳೋದು ಅಂದಳು. ನಾನು ಕೊಡ ತುಂಬಿಕೊಂಡು ಬಂದೆ. ಆದರೆ ಆ ಮಾತು ನಾಟಿತು. ಹೋದವರಿಗೆ ಒಂದು ವಾರವೂ ಆಗಿಲ್ಲ, ಆಗಲೇ ಹೆಸರಿಗೆ ಕೆಸರು.

ಬೀರುವಿನಲ್ಲಿ ಅವರ ಹಳೇ ನೋಟುಪುಸ್ತಕ ಇತ್ತು. ಅವರೇ ಅದನ್ನು ಎಷ್ಟೋ ವರ್ಷದಿಂದ ತೆರೆದಿರಲಿಲ್ಲ. ಮೈದುನನಿಗೆ ಕೊಟ್ಟು ಕಳಿಸಿದೆ. ನಾನು ಬಿಚ್ಚಿ ನೋಡಲಿಲ್ಲ. ಅವರ ಅಕ್ಷರ ನೋಡುವ ಧೈರ್ಯ ಇರಲಿಲ್ಲ.

ಮಂಗಳವಾರ ಸಂಜೆ ಮೈದುನ ಅದನ್ನು ವಾಪಸ್ಸು ತಂದ. ದೊಡ್ಡ ಹೊಲದ ಪುಟ ಸಿಕ್ಕಿತ್ತಂತೆ. ಆದರೆ ಬರೀ ಅಂಕಿ. ಗೇಟಿನ ಕಂಬದಿಂದ 19, 40, 62, 88, 121, 150, 183, ಬೇಲಿ 214. ಅಡಿಯೋ ಗಜವೋ ಏನು ಅಂತ ಇಲ್ಲ. ಕಂಪನಿಯ ಇಂಜಿನಿಯರಮ್ಮ ಮೊದಲು ಅಡಿ ಅಂದುಕೊಂಡು ಅಳೆದರು. ಆಮೇಲೆ ಮೀಟರು ಅಂದುಕೊಂಡರು, ಹೊಲವೇ ಅಷ್ಟು ಉದ್ದ ಇಲ್ಲ. ಕೊನೆಗೆ ಹೆಜ್ಜೆ ಇರಬೇಕು ಅಂತ ನಡೆದರು. ಆಕೆಯ ಕಾಲು ಉದ್ದ, ನೂರೈವತ್ತೇಳಕ್ಕೇ ಬೇಲಿ ಬಂತು. ಮೈದುನ ನಡೆದ, ನೂರ ಅರವತ್ತೈದು. ನಾಲ್ಕು ಗುಂಡಿ ತೋಡಿದರು, ನಾಲ್ಕರಲ್ಲೂ ಜೇಡಿ.

ಅಣ್ಣನ ಹೆಜ್ಜೆ ಒಂದು ಉದ್ದ ಒಂದು ಗಿಡ್ಡ, ಭಾಗಾಕಾರ ಮಾಡಿದ್ರೂ ನಂಬೋ ಹಾಗಿಲ್ಲ, ಅದನ್ನ ಈಗ ಯಾರು ನಡೀತಾರೆ ಅತ್ತಿಗೆ ಅಂದ.

ಆಗ ಪುಟ ನೋಡಿದೆ. ಒಂಬತ್ತರ ಬಾಲ ಉದ್ದ ಎಳೆಯುತ್ತಿದ್ದರು. ಹಾಗೇ ಇತ್ತು.

"ಇವು ನಿಮ್ಮಣ್ಣನ ಹೆಜ್ಜೆ ಅಲ್ಲ," ಅಂದೆ. "ನನ್ನವು."

ಅವನಿಗೆ ಅರ್ಥವಾಗಲಿಲ್ಲ. ಹೇಳಿದೆ. ಮಂಡಿ ಕೆಟ್ಟ ಮೇಲೆ ಅವರ ಹೆಜ್ಜೆಗೆ ಲೆಕ್ಕ ಸಿಗುತ್ತಿರಲಿಲ್ಲ. ಟೇಪು ಹಿಡಿಯುವುದು ಅವರಿಗೆ ಆಗಿಬರದು, ಎರಡು ಸಲ ಅಳೆದರೆ ಎರಡು ಥರ ಬರುತ್ತೆ ಅನ್ನುತ್ತಿದ್ದರು. ನಿನ್ನ ನಡಿಗೆ ಗಡಿಯಾರದ ಥರ ಕಣೇ ಅಂತ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮೂವತ್ತು ವರ್ಷದಲ್ಲಿ ನನ್ನ ಬಗ್ಗೆ ಹೊಗಳಿ ಆಡಿದ ಮಾತು ಅದೊಂದೇ ಇರಬೇಕು. ನಾನು ಮುಂದೆ ನಡೆಯುವುದು, ಅವರು ಹಿಂದೆ ಎಣಿಸುತ್ತ ಬರುವುದು. ಕೊಳವೆ ಹೂತ ಸಾಲು ಬಂದರೆ ನಿಂತು ಬರೆದುಕೊಳ್ಳುವುದು. ನಾನು ಯಾವತ್ತೂ ಎಣಿಸಲಿಲ್ಲ. ನಡೆಯುವುದು ನನ್ನ ಕೆಲಸ.

ಬುಧವಾರ ಬೆಳಿಗ್ಗೆ ಹೋದೆ. ಅವರು ಹೋಗಿ ಒಂದು ವಾರ. ತಲೆಗೆ ಹಳದಿ ಟೋಪಿ ಇಟ್ಟರು, ಮೈಗೆ ಹಳದಿ ಅಂಗಿ ತೊಡಿಸಿದರು. ಇವಿಲ್ಲದೆ ಗೇಟಿನೊಳಗೆ ಬಿಡುವಂತಿಲ್ಲವಂತೆ, ಅದೂ ಒಂದು ಷರತ್ತು. ಹೊಲದ ನಡುವೆ ಒಂದು ಅಗಲ ಪಟ್ಟಿ, ಮೇಲ್ಮಣ್ಣು ಕೆರೆದು ಹೋಗಿ ಬೂದಿ ಬಣ್ಣದ ಜೇಡಿ ಕಾಣುತ್ತಿತ್ತು. ಗೇಟಿನಿಂದ ಎದುರಿನ ಬೇಲಿಯವರೆಗೆ ನಾನು ಅವತ್ತು ನಡೆದ ಸಾಲು ಅದೇ. ಇಂಜಿನಿಯರಮ್ಮ ಚಿಕ್ಕ ವಯಸ್ಸಿನವರು, ಮಾತು ಮೆದು. ನಿಧಾನಕ್ಕೆ ನಡೀರಿ ಅಮ್ಮ ಅಂದರು. ನಿಧಾನ ನಡೆದರೆ ಅಳತೆ ಕೆಡುತ್ತೆ, ಸುಮ್ಮನೆ ಎಣಿಸಿ ಅಂದೆ.

ಅರವತ್ತೆರಡಕ್ಕೆ ನಿಂತೆ. ಅಗೆದರು. ಜೇಡಿ.

ಸೂಪರ್‌ವೈಸರು ಗಡಿಯಾರ ನೋಡಿಕೊಂಡರು. ಮೈದುನ ನೆಲ ನೋಡಿದ. ಇಂಜಿನಿಯರಮ್ಮ ಮಾತ್ರ, ಬೇಲಿ ತನಕ ಒಂದು ಸಲ ನಡೆದುಬಿಡಿ ಅಮ್ಮ, ನೋಡೋಣ ಅಂದರು. ನಡೆದೆ. ಇನ್ನೂರ ಒಂದಕ್ಕೆ ಬೇಲಿ. ಪುಸ್ತಕದಲ್ಲಿ ಇನ್ನೂರ ಹದಿನಾಲ್ಕು.

ಇಪ್ಪತ್ತೆರಡು ವರ್ಷ ಹಿಂದಿನದಕ್ಕಿಂತ ನನ್ನ ಹೆಜ್ಜೆ ಉದ್ದ ಆಗಿದೆ ಅಂದರೆ ನನಗೇ ನಂಬಿಕೆ ಬರಲಿಲ್ಲ. ಈ ವಯಸ್ಸಿಗೆ ಗಿಡ್ಡ ಆಗಬೇಕು. ಆಮೇಲೆ ಕಾಲು ನೋಡಿಕೊಂಡೆ. ಚಪ್ಪಲಿ. ಕೆಳಗೆ ಕೆರೆದ ನೆಲ, ರಸ್ತೆಯ ಹಾಗೆ ಗಟ್ಟಿ. ಅವತ್ತು ಹೊಲ ಉತ್ತಿತ್ತು, ನನ್ನ ಕಾಲಲ್ಲಿ ಎರಡು ಅಳತೆ ದೊಡ್ಡ ಗಂಬೂಟು ಇತ್ತು. ಹೆಂಗಸರ ಅಳತೆಯದು ಅಂಗಡಿಯಲ್ಲಿ ಇರಲಿಲ್ಲ. ಎಳೆದುಕೊಂಡು ನಡೆದಿದ್ದೆ.

ಮನೆಗೆ ಹೋಗಿ ಶೆಡ್ಡಿನಿಂದ ಆ ಗಂಬೂಟು ತಂದೆ. ಒಳಗಿದ್ದ ಜೇಡವನ್ನು ಕೊಡವಿ ಹಾಕಿಕೊಂಡೆ. ನಾನು ಬರುವಷ್ಟರಲ್ಲಿ ಇಂಜಿನಿಯರಮ್ಮ ಫೋನಿನಲ್ಲಿ ಭಾಗಾಕಾರ ಮಾಡಿ, ನಿಮ್ಮ ಚಪ್ಪಲಿ ಹೆಜ್ಜೆಯಲ್ಲಿ ಐವತ್ತೆಂಟಕ್ಕೆ ಸಿಗಬೇಕು ಅಂತ ಅಲ್ಲೊಂದು ಕಲ್ಲು ಇಟ್ಟಿದ್ದರು. ನಾನು ಬೂಟಲ್ಲಿ ಮತ್ತೆ ಗೇಟಿನಿಂದ ನಡೆದೆ. ಅರವತ್ತೆರಡು ಅಂದಾಗ ನಿಂತೆ. ಅವರ ಕಲ್ಲಿಗೂ ನನ್ನ ಬೂಟಿಗೂ ಒಂದು ಗೇಣು.

ಮೈದುನ ಸಲಾಕೆ ಚುಚ್ಚಿದ. ಟಣ್ ಅಂದಿತು.

ಅವನು ಸಲಾಕೆ ತೆಗೆದು ಪಕ್ಕದಲ್ಲಿ ಇನ್ನೊಂದು ಸಲ ಚುಚ್ಚಿದ. ಮತ್ತೆ ಟಣ್. ಆಮೇಲೆ ಗುದ್ದಲಿ ಹಿಡಿದು ತಾನೇ ಅಗೆದ. ಜೆಸಿಬಿ ತರೋಣವಾ ಅಂತ ಸೂಪರ್‌ವೈಸರು ಕೇಳಿದರು. ಬೇಡ ಅಂದ. ಅವನು ಗುದ್ದಲಿ ಹಿಡಿದದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಅಣ್ಣನ ಹಾಗೇ ಎಡಗೈ ಮೇಲಿತ್ತು.

ಅವತ್ತು ಸಂಜೆಯೊಳಗೆ ನಾಲ್ಕು ಸಿಕ್ಕವು. ಗುರುವಾರ ಬೆಳಿಗ್ಗೆ ಇನ್ನೆರಡು. ಹತ್ತು ಗಂಟೆಗೆ ಕಚೇರಿಯವರು ಬಂದರು. ಸಣ್ಣ ಮನುಷ್ಯ, ಕಂಕುಳಲ್ಲಿ ಫೈಲು. ಆರು ಗುಂಡಿಯನ್ನೂ ಬಗ್ಗಿ ನೋಡಿದರು, ಒಂದರೊಳಗೆ ಇಳಿದೇ ನೋಡಿದರು. ಪ್ಯಾಂಟು ಕೆಸರಾಯಿತು. ಆ ಮನುಷ್ಯನ ಮೇಲೆ ನನಗೆ ಸ್ವಲ್ಪ ನಂಬಿಕೆ ಬಂತು.

ಏಳನೆಯದು ಸಿಗಲಿಲ್ಲ. ನೂರ ಎಂಬತ್ತಮೂರಕ್ಕೆ ನಿಂತೆ, ಅಗೆದರು, ಇಲ್ಲ. ಮತ್ತೆ ಗೇಟಿನಿಂದ ನಡೆದೆ, ಅದೇ ಜಾಗ. ಮುಂದಕ್ಕೆ ಒಂದು ಗಜ ಅಗೆದರು, ಇನ್ನೊಂದು ಗಜ ಅಗೆದರು. ಜೇಡಿ, ಜೇಡಿ.

ಆರು ಸಿಕ್ಕಿದೆಯಲ್ಲ ಸರ್, ಸಾಕು ಅಂದರು ಸೂಪರ್‌ವೈಸರು. ಕೆಳಗೆ ಏಳನೇ ಬಾಯಿ ಒಣಗಿಹೋಗಿದೆ, ಅದು ಸತ್ತ ಕಾಲುವೆ ಇರಬೇಕು. ಇಲ್ಲಾ ಆ ಯಜಮಾನರು ಬರೆದಿದ್ದೇ ತಪ್ಪಿರಬೇಕು.

ಕಚೇರಿಯವರು ಫೈಲು ಬಿಚ್ಚಿ ಹತ್ತೊಂಬತ್ತನೇ ಷರತ್ತಿನ ಮೇಲೆ ಬೆರಳಿಟ್ಟರು.

"ಇಲ್ಲಿ 'ಎಲ್ಲಾ' ಅಂತಿದೆ. ಆರು ಎಲ್ಲಾ ಆಗಲ್ಲ. ಏಳು ಸಿಗಬೇಕು, ಇಲ್ಲಾ ನೀವು ಬೇರೆ ಉಪಾಯಕ್ಕೆ ಅರ್ಜಿ ಹಾಕಬೇಕು."

ಬೇರೆ ಉಪಾಯ ಅಂದರೆ ಆ ದಪ್ಪ ಪೈಪು. ಸೂಪರ್‌ವೈಸರ ಮುಖ ನೋಡಿದೆ. ಅರ್ಜಿ ಹಾಕೋದೇ ವಾಸಿ ಅನ್ನುವ ಮುಖ. ಒಂದು ಕಾಲುವೆ ಸಿಗದಿದ್ದಕ್ಕೆ ಸಿಕ್ಕ ಆರೂ ನೀರುಪಾಲು, ನಮ್ಮ ಬೀದಿಯೂ.

ಬರೆದದ್ದು ತಪ್ಪಿರಬಹುದು ಅಂತ ನಾನೇ ಅಂದೆ. ಹೂತದ್ದು ಸುಳ್ಳಲ್ಲ. ಹೇಗೆ ತಪ್ಪಿರಬಹುದು ಅಂತ ಯೋಚನೆ ಮಾಡಿದೆ. ಒಟ್ಟು ಇನ್ನೂರ ಹದಿನಾಲ್ಕು ಸರಿ ಇದೆ, ಬೂಟಲ್ಲಿ ಬೇಲಿ ತನಕ ನಡೆದಾಗ ಇನ್ನೂರ ಹದಿಮೂರು ಬಂದಿತ್ತು. ಅಂದರೆ ಎಣಿಕೆ ತಪ್ಪಿಲ್ಲ. ಹಾಗಾದರೆ ನಿಂತದ್ದು ತಪ್ಪು. ಅವರು ಎಣಿಸುತ್ತಲೂ ಮಾತಾಡುತ್ತಿದ್ದರು. ಅರವತ್ತು, ಅರವತ್ತೊಂದು, ಅವನ ನಾಯಿ ನಿನ್ನೆ ಏನು ಮಾಡ್ತು ಗೊತ್ತಾ, ಅರವತ್ತೆರಡು, ಹೀಗೆ. ಎಣಿಸುವಾಗ ಮಾತಾಡಬೇಡಿ ರೀ ಅಂತ ನಾನು ಎಷ್ಟು ಸಲ ಹೇಳಿದ್ದೆ. ಆ ದಿನ ಕೊನೆಕೊನೆಗೆ, ಬೇಲಿ ಹತ್ತಿರ ಬಂದಾಗ, ಅವರು ಏನೋ ಹೇಳಿದ್ದಕ್ಕೆ ನಾನು ನಕ್ಕು ನಿಂತದ್ದು ನೆನಪಿದೆ. ಅಯ್ಯೋ ಸಾಲು ದಾಟಿಬಿಟ್ಟೆವೇನೋ ಅಂತ ಅವರು ಗಡಿಬಿಡಿಯಲ್ಲಿ ಬರೆದುಕೊಂಡದ್ದೂ ನೆನಪಿದೆ. ಏನು ಹೇಳಿದರು ಅನ್ನುವುದು ನೆನಪಿಲ್ಲ. ಎಷ್ಟು ತಡಕಿದರೂ ಬರಲಿಲ್ಲ.

ಮಾತಲ್ಲಿ ಮುಳುಗಿದವನು ತಡವಾಗಿ ನಿಲ್ಲುತ್ತಾನೆ. ಮುಂಚೆ ನಿಲ್ಲಲ್ಲ.

"ಮುಂದಕ್ಕೆ ಬೇಡ," ಅಂದೆ ಮೈದುನನಿಗೆ. "ಹಿಂದಕ್ಕೆ ನೋಡು. ಗೇಟಿನ ಕಡೆಗೆ."

ಅವನು ಯಾಕೆ ಅಂತ ಕೇಳಲಿಲ್ಲ. ಗೇಣಿಗೊಂದು ಸಲ ಸಲಾಕೆ ಚುಚ್ಚುತ್ತ ಹಿಂದಕ್ಕೆ ಬಂದ. ಒಂದು ಹೆಜ್ಜೆ, ಎರಡು, ನಾಲ್ಕು. ಕಚೇರಿಯವರು ಫೈಲು ಮುಚ್ಚಿ ಜೊತೆಯಲ್ಲೇ ನಡೆದರು. ಏಳನೇ ಹೆಜ್ಜೆಗೆ ಸಲಾಕೆ ನಿಂತಿತು. ಸದ್ದು ಸಣ್ಣದು, ಆದರೆ ಸದ್ದೇ. ಅಗೆದರು. ಕೊಳವೆ ಇತ್ತು. ಒಂದು ತುಂಡು ಒಡೆದು ಮಣ್ಣು ತುಂಬಿಕೊಂಡಿತ್ತು. ಕೆಳಗಿನ ಬಾಯಿ ಒಣಗಿದ್ದು ಅದಕ್ಕೇ. ಮೈದುನ ಆ ತುಂಡು ಎತ್ತಿದ. ನಾನು ಕೂತು ಮೇಲ್ಗಡೆಯಿಂದ ಬರುವ ಕೊಳವೆಯೊಳಗೆ ಕೈ ಹಾಕಿದೆ. ಒಳಗೆ ಒದ್ದೆ. ಸ್ವಲ್ಪ ಹೊತ್ತಿಗೆ ನೀರು ನನ್ನ ಬೆರಳು ಸುತ್ತಿಕೊಂಡು ಬಂತು.

ಅಣ್ಣಾ, ಮಾತಾಡಿ ಮಾತಾಡಿ ಕೆಡಿಸಿದೆಯಲ್ಲೋ ಅಂದ ಮೈದುನ. ಯಾರಿಗೆ ಅಂದನೋ. ನಾನು ನಕ್ಕೆ. ಅವರು ಹೋದ ಮೇಲೆ ಅದೇ ಮೊದಲ ಸಲ. ಆಮೇಲೆ ಗಂಬೂಟು ಹಾಕಿಕೊಂಡೇ ಅಲ್ಲಿ ಕೂತು ಅತ್ತೆ. ಇಂಜಿನಿಯರಮ್ಮ ನೀರಿನ ಬಾಟಲಿ ಕೈಗೆ ಕೊಟ್ಟು ಆ ಕಡೆ ತಿರುಗಿ ನಿಂತರು.

ಕಚೇರಿಯವರು ಅಲ್ಲೇ ಮಣ್ಣಗುಡ್ಡೆಯ ಮೇಲೆ ಫೈಲಿಟ್ಟು 'ಏಳು' ಅಂತ ಬರೆದು, ಕಂದಕ ತೋಡಲು ಒಪ್ಪಿಗೆಯ ಸಹಿ ಹಾಕಿದರು. ಪತ್ತೆ ಮಾಡಿದವರ ಹೆಸರು ಅಂತ ಒಂದು ಸಾಲು ಇತ್ತು. ಯಾರದು ಬರೆಯಲಿ ಅಂತ ಕೇಳಿದರು. ಅವರದ್ದೇ ಬರೆಯಿರಿ ಅಂದೆ. ಬರೆದರು. ಅದರ ಮುಂದೆ ನನ್ನ ಹೆಸರೂ ಬರೆದರು, ಕೇಳದೆಯೇ.

ಆಮೇಲೆ ಕಂದಕ ತೋಡಿದರು, ಕೇಬಲ್ ಹಾಕಿದರು. ತುಂಡಾದ ಏಳನ್ನೂ ಹೊಸ ಕೊಳವೆಯಿಂದ ಜೋಡಿಸಿದರು. ಕಚೇರಿಯವರು ಮತ್ತೆ ಬಂದು ಏಳು ಕಡೆಯೂ ಬಗ್ಗಿ ನೋಡಿ ಕೊನೆಯ ಸಹಿ ಹಾಕಿದರು. ಜೇಡಿ ಕೆಳಗೆ, ಮೇಲ್ಮಣ್ಣು ಮೇಲೆ. ಹಕ್ಕಿ ತಿಂಗಳಿಗೆ ಎರಡು ದಿನ ಇರುವಾಗ ಗೇಟಿಗೆ ಬೀಗ ಬಿತ್ತು. ಆ ವರ್ಷದ ಮೊದಲ ದೊಡ್ಡ ಮಳೆಗೆ ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ಮೇಲಕ್ಕೆ ನೋಡುತ್ತಿದ್ದರು. ನೀರು ಬರಲಿಲ್ಲ. ಮೂಲೆಮನೆಯಾಕೆ ನಲ್ಲಿಯ ಹತ್ತಿರ ನನ್ನ ಕೊಡವನ್ನು ಮೊದಲು ಹಿಡಿಯಲು ಬಿಟ್ಟಳು. ಅಷ್ಟೇ. ಅವಳಿಂದ ಅಷ್ಟು ಬಂದದ್ದೇ ಹೆಚ್ಚು.

ಹತ್ತೊಂಬತ್ತನೇ ಷರತ್ತಿಗೆ ಒಂದು ಬಾಲ ಇದೆ. ಮುಚ್ಚಿದ ಮೇಲೆ ಐದು ವರ್ಷ, ಬಸಿಗಾಲುವೆಗಳು ಹರಿಯುತ್ತಿವೆಯೇ ಅಂತ ದಿನಾ ನೋಡಿ ಬರೆದಿಡಬೇಕು. ಇಂಜಿನಿಯರಮ್ಮ ಮನೆಗೇ ಬಂದು ಕೇಳಿದರು, ನೀವು ಮಾಡ್ತೀರಾ ಅಂತ. ನಾನು ನಾಲ್ಕನೇ ಕ್ಲಾಸು, ಉದ್ದ ಬರೆಯಲು ಬರಲ್ಲ ಅಂದೆ. ಇದೆ, ಇಲ್ಲ, ಅಷ್ಟು ಬರೆದರೆ ಸಾಕಮ್ಮ ಅಂದರು.

ಈಗ ಎರಡನೇ ವರ್ಷ. ಬೆಳಿಗ್ಗೆ ಟೀ ಕುಡಿದು ಹಳ್ಳದ ಬದುವಿಗೆ ಇಳಿಯುತ್ತೇನೆ. ಒಂದನೆಯದರಿಂದ ಶುರು ಮಾಡಿ ಒಂದೊಂದು ಬಾಯಿಯ ಕೆಳಗೂ ಕೈ ಹಿಡಿಯುತ್ತೇನೆ. ಮಳೆಗಾಲದಲ್ಲಿ ಧಾರೆ, ಬೇಸಿಗೆಯಲ್ಲಿ ಹನಿ. ಕಸ ಇದ್ದರೆ ತೆಗೆಯುತ್ತೇನೆ. ಕೈ ಸೆರಗಿಗೆ ಒರೆಸಿಕೊಂಡು ಪುಸ್ತಕದಲ್ಲಿ ತಾರೀಖು ಹಾಕಿ, ಇದೆ, ಇದೆ ಅಂತ ಬರೆಯುತ್ತ ಮುಂದಕ್ಕೆ ಹೋಗುತ್ತೇನೆ. ಇವತ್ತು ಐದನೆಯದಕ್ಕೆ ಹುಲ್ಲಿನ ಬೇರು ಅಡ್ಡ ಬಂದಿತ್ತು. ಎರಡು ಬೆರಳು ಹಾಕಿ ಎಳೆದೆ. ಕೆಸರು ನೀರು ಬಂತು. ತಿಳಿಯಾಗುವ ತನಕ ಅಲ್ಲೇ ಕೂತಿದ್ದು, ಆಮೇಲೆ ಬರೆದೆ.